ಆರನೇ ಕಾಲಂ

“ಕುರಿ ಕಾಯೋರ ಮನೆಯಾಗೆ ಹುಟ್ಟಿ ಕುರಿ ಎಣಿಸಾಕೆ ಬರದವನ್ನ ಇವತ್ತು ನೋಡಿದೆ ನೋಡ್ರಪ್ಪ,” ಎಂದರು ಗುರುಬಸವರಾಜ ಸರ್. ನಾನು ತುಂಬಿಕೊಟ್ಟಿದ್ದ ನಮೂನೆಗಳ ಕಟ್ಟನ್ನು, ಹಿಂಡುವ ಮೊದಲು ಒದ್ದೆ ಅರಿವೆ ಎತ್ತಿದಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು. “ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದು ಒಳ್ಳೇದೇ ಆತು ಬಿಡೋ ಮೈಲಾರೇಶ. ಇಲ್ಲಾಂದ್ರೆ ಮೇಷ್ಟ್ರಾಗಿ ಊರ ಮಕ್ಕಳಿಗೆಲ್ಲ ಇದನ್ನೇ ಕಲಿಸ್ತಿದ್ದೆ.”

ಪಾಠದ ಹಾಲ್‌ನಲ್ಲಿ ನಲವತ್ತು ಜನ ಇದ್ದರು. ಒಬ್ಬೊಬ್ಬರಾಗಿ ಅಲ್ಲ, ಒಟ್ಟಿಗೆ ನಕ್ಕರು. ಎಂಟು ತಿಂಗಳಿಂದ ಅವರ ಪಕ್ಕದಲ್ಲೇ ಕೂತು ಉಂಡಿದ್ದೇನೆ. ಯಾವ ನಗು ಯಾರದು ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಮುಂದಿನ ಸಾಲಿನಲ್ಲಿ ಕೀನ್ಯಾ ದೇಶದಿಂದ ಅತಿಥಿಯಾಗಿ ಬಂದಿದ್ದ ಹೆಣ್ಣುಮಗಳು ಕೂತಿದ್ದರು. ಅವರಿಗೆ ಕನ್ನಡ ಬಾರದು. ಏನಂದರು ಎಂದು ಪಕ್ಕದಲ್ಲಿದ್ದ ಅರ್ಚನಾ ಮೇಡಂ ಅವರನ್ನು ಕೇಳಿದರು. ಅರ್ಚನಾ ಮೇಡಂ ತಲೆ ಅಲ್ಲಾಡಿಸಿದರೇ ಹೊರತು ಇಂಗ್ಲಿಷಿನಲ್ಲಿ ಹೇಳಲಿಲ್ಲ. ನಾನು ನಿಂತಿದ್ದವನು ಕೂತೆ.

ಇದು ಕೊಟ್ಟೂರಿನಲ್ಲಿ ಒಂದು ಮಠದವರು ನಡೆಸುವ ವಿಶ್ವನ್ಯಾಯ ಅಧ್ಯಯನ ಕೇಂದ್ರ. ಪ್ರತಿ ಭಾನುವಾರ ಹತ್ತು ಗಂಟೆಗೆ ಕ್ಲಾಸು. ಮೊದಲು ಕಾಲು ಗಂಟೆ ಎಲ್ಲರೂ ಸುಮ್ಮನೆ ಕಣ್ಣು ಮುಚ್ಚಿ ಕೂರಬೇಕು. ಆಮೇಲೆ ಒಂದು ವಚನ, ಅದರ ಅರ್ಥ. ಆಮೇಲೆ ಪಾಠ. ಚಾಕಲೇಟಿನ ಬೀಜ ಬಿಡಿಸುವ ಮಕ್ಕಳು ಯಾವ ದೇಶದವರು, ನಮ್ಮ ಮೈಮೇಲಿನ ಅಂಗಿ ಹೊಲಿದವಳಿಗೆ ಎಷ್ಟು ಸಿಗುತ್ತದೆ, ಕಾರ್ಖಾನೆಯ ಒಂದು ಚಿಮಣಿಯೂ ಇಲ್ಲದ ಊರಿನ ಮಳೆ ಯಾಕೆ ತಪ್ಪುತ್ತದೆ, ಇಂಥವು. ಗೋಡೆ ತುಂಬ ಜಗತ್ತಿನ ನಕ್ಷೆ. ಪಾಠ ಮಾಡುವವರು ಗುರುಬಸವರಾಜ ಸರ್. ಹರಪನಹಳ್ಳಿಯವರು, ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಸಂಬಳ ತೆಗೆದುಕೊಳ್ಳುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಒಂದು ಎಲೆ ಖಾಲಿ ಬಿದ್ದರೆ ಉಳಿದವರ ಗಂಟಲಲ್ಲಿ ಅನ್ನ ಇಳಿಯಬಾರದು, ಜಗತ್ತಿನ ಯಾವ ಮೂಲೆಯ ಅನ್ಯಾಯವೂ ನಮ್ಮ ಪಂಕ್ತಿಯ ಖಾಲಿ ಎಲೆ ಎಂದು ಅವರು ಹೇಳುತ್ತಿದ್ದರು. ಚೆನ್ನಾಗಿ ಹೇಳುತ್ತಿದ್ದರು. ನಾನು ಹೋಗಲು ಶುರು ಮಾಡಿದ್ದು ಅರ್ಚನಾ ಮೇಡಂ ಕರೆದರೆಂದು. ಬಿಡದೆ ಹೋದದ್ದು ಬೇರೆ ಕಾರಣಕ್ಕೆ. ನನಗೆ ಚಿಕ್ಕಂದಿನಿಂದ ಸಿಟ್ಟು. ಅದಕ್ಕೊಂದು ಪಾಠ ಇದೆ, ನೋಟ್ಸು ಬರೆದುಕೊಳ್ಳಬಹುದು ಎಂದು ಗೊತ್ತಾದದ್ದು ಅಲ್ಲಿ.

ನಮ್ಮ ಹಟ್ಟಿ ಉಜ್ಜಿನಿ ರಸ್ತೆಯಿಂದ ಒಳಗೆ. ನಲವತ್ತೊಂದು ಮನೆ, ಎಲ್ಲರದೂ ಕುರಿ. ಶಿವರಾತ್ರಿ ಕಳೆದು ಈ ಕಡೆಯ ಕೆಂಪು ಮಸಾರಿ ನೆಲದ ಹುಲ್ಲು ಸುಟ್ಟ ಮೇಲೆ ನಾವು ಹಂಪಸಾಗರದ ಕಡೆ ನಡೆಯುತ್ತೇವೆ. ಅಲ್ಲಿ ತುಂಗಭದ್ರೆಯ ಹಿನ್ನೀರು ಹಿಂದೆ ಸರಿದಂತೆ ಕೆಸರಿನಲ್ಲಿ ಹಸಿರು ಏಳುತ್ತದೆ. ಮೂರು ದಿನದ ದಾರಿ. ನಮ್ಮ ಮುತ್ತಜ್ಜನ ಕಾಲಕ್ಕೂ ಅದೇ ದಾರಿ. ಎರಡು ವರ್ಷದ ಹಿಂದೆ ಆ ದಾರಿಗೆ ಅಡ್ಡಲಾಗಿ ಒಂದು ಸೋಲಾರ್ ಕಂಪನಿ ನಾನೂರು ಎಕರೆಗೆ ತಂತಿಬೇಲಿ ಹಾಕಿತು. ಕುರಿಗೆಂದು ನಡುವೆ ಇಪ್ಪತ್ತು ಅಡಿಯ ಓಣಿ ಬಿಟ್ಟಿತು. ಓಣಿ ಒಂದೂವರೆ ಕಿಲೋಮೀಟರು ಉದ್ದ, ಎರಡೂ ಕಡೆ ಬೇಲಿ. ಕಳೆದ ವರ್ಷ ಮಂದೆ ಓಣಿಯ ನಡುವಿದ್ದಾಗ ಹಿಂದಿನಿಂದ ಕಂಪನಿಯ ಲಾರಿ ಬಂದು ಹಾರ್ನ್ ಹೊಡೆಯಿತು. ಮುಂದಿನವು ನಿಂತವು, ಹಿಂದಿನವು ನುಗ್ಗಿದವು. ಹನ್ನೊಂದು ಮರಿ ಕಾಲಡಿ ಸಿಕ್ಕು ಸತ್ತವು. ನಾಲ್ಕು ನಮ್ಮವ್ವನವು. ಸತ್ತದ್ದನ್ನು ಎಣಿಸಬಹುದು, ಅದಕ್ಕೆ ಅಡ್ಡಿಯಿಲ್ಲ.

ಕೇಂದ್ರದವರು ಈ ವಿಷಯ ಕೈಗೆತ್ತಿಕೊಂಡರು. ಆ ಕಂಪನಿಗೆ ದುಡ್ಡು ಕೊಟ್ಟದ್ದು ಹೊರದೇಶದ ಒಂದು ಬ್ಯಾಂಕು. ಬಡವರಿಗೆ ತೊಂದರೆ ಆದರೆ ದೂರು ಕೇಳಬೇಕು ಎಂದು ಆ ಬ್ಯಾಂಕಿಗೆ ನಿಯಮವಿದೆ. ಚರ್ಚಿನವರು, ಮಠದವರು, ಮಸೀದಿಯವರು ಹೀಗೆ ಹಲವು ದೇಶದ ಧರ್ಮಸಂಸ್ಥೆಗಳು ಸೇರಿ ಮಾಡಿಕೊಂಡ ಒಂದು ಒಕ್ಕೂಟವಿದೆ. ನಮ್ಮ ಕೇಂದ್ರವೂ ಅದರಲ್ಲಿದೆ. ಒಕ್ಕೂಟದವರು ಬ್ಯಾಂಕಿಗೆ ಬರೆದರು. ಎಲ್ಲೋ ಒಂದು ಚರ್ಚಿನಲ್ಲಿ ನಮ್ಮ ಹನ್ನೊಂದು ಮರಿಗಳಿಗೆ ಹನ್ನೊಂದು ಮೇಣದಬತ್ತಿ ಹಚ್ಚಿದ ಫೋಟೋ ಬಂತು. ಅವ್ವನಿಗೆ ತೋರಿಸಿದೆ. ಮೊಬೈಲನ್ನು ದೂರ ಹಿಡಿದು ನೋಡಿ, ಇಷ್ಟು ದೂರದವರಿಗೆ ಕಂಡದ್ದು ಲಾರಿ ಡ್ರೈವರನಿಗೆ ಕಾಣಲಿಲ್ಲವಲ್ಲ ಎಂದಳು.

ದೂರಿನ ಜೊತೆ ವರದಿ ಬೇಕಿತ್ತು. ಮನೆಮನೆಗೆ ಹೋಗಿ ನಮೂನೆ ತುಂಬುವ ಕೆಲಸ ನನಗೆ ಬಂತು. ನಮ್ಮವನೇ ಆದರೆ ಜನ ಬಿಚ್ಚಿ ಮಾತಾಡುತ್ತಾರೆ ಎಂದು ಸರ್ ಅವರೇ ಆರಿಸಿದರು. ಹೆಸರು, ವಯಸ್ಸು, ಮನೆಯ ಜನ, ಜಮೀನು, ಓದು. ಆರನೇ ಕಾಲಂ: ಕುರಿಗಳ ಸಂಖ್ಯೆ.

ನಮ್ಮಲ್ಲಿ ಮಂದೆಯ ಸಂಖ್ಯೆ ಹೇಳುವುದಿಲ್ಲ. ಬಾಯಿಬಿಟ್ಟು ಎಣಿಸಿದ ಮಂದೆಗೆ ರೋಗ ದಾರಿ ಕೇಳಿಕೊಂಡು ಬರುತ್ತದೆ ಎನ್ನುತ್ತಾರೆ. ಯಾರಾದರೂ ಕೇಳಿದರೆ ಕಡಿಮೆ ಮಾಡಿ ಏನೋ ಒಂದು ಹೇಳಬೇಕು. ಕೇಳಿದವನಿಗೂ ಅದು ಕಡಿಮೆ ಎಂದು ಗೊತ್ತಿರುತ್ತದೆ. ಬಾಗಿಲಿಗೆ ಪರದೆ ಬಿಟ್ಟ ಹಾಗೆ, ಅಷ್ಟೇ. ನಾನು ಕೇಳಿದೆ, ಅವರು ಹೇಳಿದರು, ನಾನು ಬರೆದುಕೊಂಡೆ. “ನಲವತ್ತು ಬರ್ಕೋ,” ಎಂದು ನಮ್ಮವ್ವನೇ ಬರೆಸಿದಳು. ನನಗೆ ಏನೂ ಅನ್ನಿಸಲಿಲ್ಲ. ಬೇರೆ ಯಾರಾದರೂ ಹೋಗಿದ್ದರೆ ಅನುಮಾನಪಟ್ಟು ದೊಡ್ಡಿಯೊಳಗೆ ಇಣುಕುತ್ತಿದ್ದರು. ನಾನು ಹುಟ್ಟಿದಾಗಿನಿಂದ ಆ ದೊಡ್ಡಿಗಳನ್ನು ನೋಡಿದವನು, ಇಣುಕಲಿಲ್ಲ. ಹಿರಿಯರು ಹೇಳಿದ್ದನ್ನು ಮರ್ಯಾದೆಯಿಂದ ಬರೆದುಕೊಂಡು, ಕೂಡಿಸಿ, ಕೊಟ್ಟೆ. ಒಟ್ಟು ಸಾವಿರದ ಆರುನೂರ ನಲವತ್ತು.

ಅದು ಅಚ್ಚಾಗಿ ಹೊರದೇಶಕ್ಕೆ ಹೋಯಿತು. ಮೂರು ತಿಂಗಳಿಗೆ ಕಂಪನಿಯ ಉತ್ತರ ಬಂತು. ನಿಮ್ಮದೇ ವರದಿಯಂತೆ ಕುರಿ ಇರುವುದು ಸಾವಿರದ ಆರುನೂರ ನಲವತ್ತು; ಅಷ್ಟಕ್ಕೆ ಇಪ್ಪತ್ತು ಅಡಿ ಧಾರಾಳವಾಯಿತು; ಆಕ್ಷೇಪವಿದ್ದರೆ ಇಪ್ಪತ್ತು ದಿನದೊಳಗೆ ತಿಳಿಸಿ. ಸರ್ ಅವರು ಪಶು ಆಸ್ಪತ್ರೆಗೆ ಹೋಗಿ ನಮ್ಮ ಹಟ್ಟಿಗೆ ಹಿಂದಿನ ವರ್ಷ ಎಷ್ಟು ಲಸಿಕೆ ಖರ್ಚಾಯಿತು ಎಂದು ವಿಚಾರಿಸಿದರು. ನನ್ನ ಮೊತ್ತದ ಎರಡರಷ್ಟಕ್ಕೂ ಮೇಲಿತ್ತು. ಆ ಭಾನುವಾರ ನಮೂನೆಗಳ ಕಟ್ಟು ಎರಡು ಬೆರಳ ನಡುವೆ ನೇತಾಡಿದ್ದು ಹಾಗೆ.

ಅಲ್ಲೇ ಎದ್ದು ಒಂದು ಮಾತು ಹೇಳಿದ್ದರೆ ನಾನು ಗೆಲ್ಲುತ್ತಿದ್ದೆ. ಎಲ್ಲರೂ ಅರ್ಧ ಹೇಳಿದ್ದಾರೆ, ನನ್ನ ಕೂಡಿಕೆಯಲ್ಲಿ ತಪ್ಪಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅದು ನಲವತ್ತೊಂದು ಮನೆಯ ಹಿರಿಯರನ್ನು ನಲವತ್ತು ಜನರ ಮುಂದೆ ಸುಳ್ಳರು ಮಾಡಿದ ಹಾಗೆ. ಅರ್ಧ ಎಂದು ಹೇಳಿದರೆ ಪೂರ್ತಿ ಹೇಳಿದ ಹಾಗೂ ಆಯಿತು. ಸರ್ ಅವರ ಮನೆಯಲ್ಲಿ ಬಳೆ ಒಡೆದರೆ ಹೆಚ್ಚಿತು ಎನ್ನುತ್ತಾರೆ. ಅಕ್ಕಿ ಮುಗಿದರೂ ಹೆಚ್ಚಿತು ಎನ್ನುತ್ತಾರೆ. ಇಟ್ಟಿಗಿ ಊರಿನ ಕಣದಲ್ಲಿ ರಾಶಿ ಅಳೆಯುವವನು ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾನೆ. ಇವರಿಗೆ ಎಣಿಸಲು ಬರುವುದಿಲ್ಲ ಎಂದು ಯಾವ ಹಾಲ್‌ನಲ್ಲೂ ಯಾರೂ ಹೇಳಿದ್ದು ಕೇಳಿಲ್ಲ.

ಆದರೂ ಸರ್ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಸಂಖ್ಯೆ ತಪ್ಪಿತ್ತು, ತಪ್ಪಿದ ಸಂಖ್ಯೆಯಿಂದ ಓಣಿ ಇಪ್ಪತ್ತು ಅಡಿಗೇ ನಿಲ್ಲುವುದರಲ್ಲಿತ್ತು. ‘ಲೆಕ್ಕಕ್ಕೆ ಸಿಗದವರಿಗೆ ನ್ಯಾಯವೂ ಸಿಗುವುದಿಲ್ಲ’ ಎಂದು ಅವರು ಮೂರನೇ ಭಾನುವಾರದ ಕ್ಲಾಸಿನಲ್ಲೇ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ನನಗೆ ಹೆಚ್ಚು ಸಿಟ್ಟು ತರಿಸಿದ್ದು ಆ ಗೆರೆಗಳು.

ಕ್ಲಾಸು ಮುಗಿದ ಮೇಲೆ ಪಂಕ್ತಿಯಲ್ಲಿ ಕೂತು ಉಂಡೆ. ಅನ್ನದ ಮೇಲೆ ನನಗೆ ಸಿಟ್ಟಿಲ್ಲ. ಎರಡನೇ ಸಲ ಸಾರು ಬಡಿಸಲು ಬಂದವನು ಎಷ್ಟು ಹಾಕಲಿ, ಎಣಿಸಿ ಹೇಳು ಎಂದ. ಹಾಕಿಸಿಕೊಂಡೆ.

ಒಕ್ಕೂಟದ ಕಡೆಯಿಂದ ಬಂದಿದ್ದ ಅತಿಥಿಗೆ ನಮ್ಮ ಹಟ್ಟಿ ನೋಡಬೇಕಿತ್ತಂತೆ. ಸಾಯಂಕಾಲ ಕೇಂದ್ರದ ಜೀಪಿನಲ್ಲಿ ಅವರನ್ನೂ ನನ್ನನ್ನೂ ಅರ್ಚನಾ ಮೇಡಂ ಕರೆದುಕೊಂಡು ಹೋದರು. ಅರ್ಚನಾ ಮೇಡಂ ಕೊಟ್ಟೂರಿನ ಅರಿವೆ ಅಂಗಡಿಯವರ ಮಗಳು, ಕೇಂದ್ರದ ಓಡಾಟವೆಲ್ಲ ಅವರದೇ. ದಾರಿಯಲ್ಲಿ ಬೆಳಗಿನ ಮಾತು ಎತ್ತಲಿಲ್ಲ. ಅತಿಥಿ ತಮ್ಮ ದೇಶದಲ್ಲಿ ಚರ್ಚಿನ ಶಾಲೆಯೊಂದರ ಟೀಚರು, ದನ ಮೇಯಿಸುವವರ ಮನೆಯವರು ಎಂದಷ್ಟೇ ಹೇಳಿದರು.

ಮಂದೆ ಮನೆಗೆ ತಿರುಗುವ ಹೊತ್ತು. ಬಂದವರೆಲ್ಲ ಆ ಹೊತ್ತಿನಲ್ಲಿ ಮೊಬೈಲು ತೆಗೆಯುತ್ತಾರೆ. ಈ ಹೆಣ್ಣುಮಗಳು ತೆಗೆಯಲಿಲ್ಲ. ದೂಳು ಬೀಳದ ಕಡೆ ಸರಿದು ನಿಂತರು, ಮೇಯಿಸುವವರು ನಿಲ್ಲುವ ಜಾಗ ಅದು. ಎಲ್ಲ ಒಳಗೆ ಹೋಗುವವರೆಗೂ ನೋಡಿದರು. ಆಮೇಲೆ ಒಂದು ಕುರಿ ಬರದಿದ್ದರೆ ನಿಮಗೆ ಹೇಗೆ ತಿಳಿಯುತ್ತದೆ ಎಂದು ಅವ್ವನನ್ನು ಕೇಳಿದರು. ಅರ್ಚನಾ ಮೇಡಂ ಕನ್ನಡದಲ್ಲಿ ಹೇಳಿದರು.

“ಊಟಕ್ಕ ಕುಂತಾಗ ಮಗ ಬಂದಿಲ್ಲಂದ್ರ ಎಣಿಸಿ ತಿಳೀತಾರೇನವ್ವ?” ಎಂದಳು ಅವ್ವ. “ಅವನ ಜಾಗ ಖಾಲಿ ಕಾಣತೈತಿ.”

ಅತಿಥಿ ಅದನ್ನು ಕೇಳಿ ನಕ್ಕರು. ಬೆಳಗಿನ ನಗುವಿನಂಥದಲ್ಲ. ತಮ್ಮ ಅಜ್ಜಿಯ ದೊಡ್ಡಿಯಲ್ಲಿ ಯಾರಾದರೂ ಬೆರಳು ಮಾಡಿ ದನ ಎಣಿಸಿದರೆ ಅಜ್ಜಿ ಆ ಬೆರಳಿಗೇ ಕೋಲಿನಿಂದ ಹೊಡೆಯುತ್ತಿದ್ದಳಂತೆ. ಸರ್ಕಾರದವರು ಬಂದು ಕೇಳಿದರೆ ಇದೆಯಪ್ಪ ಒಂದಿಷ್ಟು ಎನ್ನುತ್ತಿದ್ದಳಂತೆ. ಅರ್ಚನಾ ಮೇಡಂ ಇದನ್ನು ಹೇಳುತ್ತ ಹೇಳುತ್ತ ನಿಧಾನವಾದರು. ಅವ್ವನ ಕಣ್ಣು ಅತಿಥಿಯ ಮುಖ ಬಿಡಲಿಲ್ಲ.

“ಹಂಗಾದ್ರ ಇಕಿ ನಮ್ಮಾಕಿ,” ಎಂದಳು. “ಹೇಳವ್ವ ಇಕಿಗೆ. ಇವರ ಮನ್ಯಾಗ ದನ ಎಷ್ಟಾವ ಅಂತ ನಾನೂ ಕೇಳಂಗಿಲ್ಲ ಅಂತ ಹೇಳು.”

ಒಳಗೆ ಹೋಗಿ ಹುರಿದ ಶೇಂಗಾ ತಂದು ಅತಿಥಿಯ ಮಡಿಲಿಗೇ ಸುರಿದಳು.

ಜೀಪಿನ ಹತ್ತಿರ ಅರ್ಚನಾ ಮೇಡಂ ನನ್ನನ್ನು ನಿಲ್ಲಿಸಿದರು. ಎಲ್ಲ ಮನೆಯವರೂ ಕಡಿಮೆ ಬರೆಸಿದ್ದಾರೇನು ಎಂದು ಕೇಳಿದರು. ನಾನು ನೆಲ ನೋಡಿದೆ. “ಬ್ಯಾಡ, ಹೇಳಬ್ಯಾಡ ಬಿಡು,” ಎಂದು ಅವರೇ ಅಂದರು. ವರದಿಗೆ ಕೇಂದ್ರದ ಮುದ್ರೆ ಬಿದ್ದಿತ್ತು. ಸಂಖ್ಯೆ ಬದಲಿಸಿದರೆ ಮೊದಲು ಸುಳ್ಳು ಹೇಳಿದಿರಿ ಎಂದು ಕಂಪನಿಯವರು ಇಡೀ ದೂರನ್ನೇ ತಳ್ಳಿಹಾಕುತ್ತಿದ್ದರು. ಬದಲಿಸದಿದ್ದರೆ ಇಪ್ಪತ್ತು ಅಡಿ. ಉಳಿದದ್ದು ಹನ್ನೆರಡು ದಿನ. ಸಂಖ್ಯೆ ಬಿಟ್ಟು ಬೇರೆ ಏನಾದರೂ ತೋರಿಸಲು ಬರುತ್ತದೆಯೇ, ಯೋಚನೆ ಮಾಡು ಎಂದು ಹೇಳಿ ಜೀಪು ಹತ್ತಿದರು.

ಯೋಚನೆ ಮಾಡಲಿಲ್ಲ. ಮರುದಿನ ಕುರಿ ಹೊಡೆದುಕೊಂಡು ಹೋಗುವಾಗ ಕಂಡಿತು. ಬಯಲಿಗೆ ಬಂದ ಕೂಡಲೇ ಮಂದೆ ಹರಡಿಕೊಳ್ಳುತ್ತದೆ. ಎಷ್ಟು ಬೇಕೋ ಅಷ್ಟು ಹರಡುತ್ತದೆ, ಅದಕ್ಕಿಂತ ಒಂದು ಗೇಣು ಹೆಚ್ಚಿಲ್ಲ. ಹಿಂದೆ ಮಣ್ಣಿನ ಮೇಲೆ ಎರಡೂ ಅಂಚು ಎಳೆದ ಹಾಗೆ ಗೊರಸಿನ ಗುರುತು ಬೀಳುತ್ತದೆ. ನಾವು ಎಷ್ಟು ಎಂದು ಬರೆದಿದ್ದೆವು. ಎಷ್ಟಗಲ ಎಂದು ಯಾರೂ ಕೇಳಿರಲಿಲ್ಲ.

ಹಟ್ಟಿಗೆ ಹಿರಿಯ ನಮ್ಮ ದೊಡ್ಡಪ್ಪ ಮೈಲಪ್ಪ. ಅವನಿಗೆ ಹೇಳಿದೆ. ನಲವತ್ತೊಂದು ಮನೆಯ ಕುರಿಯನ್ನೂ ಬೇಲಿಯ ಈಚೆಗಿನ ಬಯಲಲ್ಲಿ ಒಂದೇ ಸಲ ಹೊಡೆಯೋಣ, ಹಂಪಸಾಗರಕ್ಕೆ ಹೊಡೆದ ಹಾಗೇ. ಹೊರಗಿನ ಗೊರಸು ಬಿದ್ದ ಕಡೆಗೆಲ್ಲ ಸುಣ್ಣದ ಗೆರೆ ಹಾಕಿ ಅಳೆಸೋಣ ಎಂದೆ. ದೊಡ್ಡಪ್ಪ ತಂಬಾಕು ತಿಕ್ಕುತ್ತ ಕೂತ. ಅವ್ವ ನಡುವೆ ಬಾಯಿ ಹಾಕಿದಳು. ಕುರಿಯ ಸುತ್ತ ಸುಣ್ಣ ಹಾಕಲು ಅದೇನು ಸೈಟಾ ಎಂದಳು. ಕಲ್ಲು ಇಡಬೇಕು, ಕಲ್ಲಿಗೆ ಭಂಡಾರ ಹಚ್ಚಬೇಕು, ಅದಾದರೆ ಸರಿ. ಭಂಡಾರ ಎಂದರೆ ಮೈಲಾರಲಿಂಗನ ಅರಿಶಿಣ. ನಮ್ಮಲ್ಲಿ ಹುಟ್ಟಿದ ಮರಿಗೂ ಅದೇ, ಮದುವೆಗೂ ಅದೇ.

ದೊಡ್ಡಪ್ಪ ಇನ್ನೊಂದು ಮಾತು ಸೇರಿಸಿದ. “ಅಷ್ಟೂ ಕುರಿ ಒಂದ ಕಡಿ ಕೂಡ್ತಾವು. ನೋಡಿದವನಿಗೆ ಲೆಕ್ಕ ಸಿಗತೈತಿ. ನೀ ಕಾಗದ ಬರೆಯೋ ಮಂದಿ ಜೋಡಿ ತಿರುಗಾಂವ. ಆ ಲೆಕ್ಕ ನಿನ್ನ ಬಾಯಾಗ ಬರಬಾರದಲೇ.”

ಭಂಡಾರದ ಚೀಲದ ಮೇಲೆ ಕೈಯಿಟ್ಟು, ಆ ಲೆಕ್ಕ ನನ್ನ ಬಾಯಲ್ಲಿ ಬರುವುದಿಲ್ಲ ಎಂದೆ.

ಬುಧವಾರ ಬೆಳಿಗ್ಗೆ ಹೊಡೆದೆವು. ಕ್ಲಾಸಿನ ಹುಡುಗರೂ ಬಂದರು, ನಕ್ಕವರೇ. ಕಲ್ಲು ಹೊತ್ತರು. ಚೆನ್ನಾಗಿಯೇ ಹೊತ್ತರು. ಗುರುಬಸವರಾಜ ಸರ್ ಕೊಡೆ ಹಿಡಿದು ಬದುವಿನ ಮೇಲೆ ನಿಂತಿದ್ದರು. ಅರ್ಚನಾ ಮೇಡಂ ಅವರಿಗೆ ಅಷ್ಟರಲ್ಲಿ ಎಲ್ಲ ತಿಳಿಸಿದ್ದರು. ಹಾಗಾದರೆ ಮೂಢನಂಬಿಕೆಯಿಂದ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು ಎಂದಾಯಿತು ಎಂದು ಅವರು ಹೇಳಿದರಂತೆ. ಭಂಡಾರದ ಬುಟ್ಟಿ ಕಂಡಾಗ ಮುಖ ಕಿವುಚಿದರು. ಕಲ್ಲಿಗೆ ಅರಿಶಿಣ ಬಳಿಯುವುದನ್ನು ಬಿಡಿಸಲು ನಮ್ಮ ಶರಣರು ಎಂಟುನೂರು ವರ್ಷದಿಂದ ಹೇಳುತ್ತ ಬಂದಿದ್ದಾರೆ, ಕೇಂದ್ರದ ಕಾರ್ಯಕ್ರಮದಲ್ಲೇ ಇದನ್ನು ಮಾಡುವುದೇ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಕುರಿ ಬರುತ್ತಿದ್ದವು.

ಒಂದು ಹುತ್ತದ ಪಕ್ಕ ನಿಂತು ನಾನು ಅಂಚು ತೋರಿಸುತ್ತಿದ್ದೆ. ನನ್ನ ಮುಂದೆಯೇ ಎಲ್ಲ ಹಾದುಹೋದವು. ಬೇಡವೆಂದರೂ ಕಣ್ಣು ಎಣಿಸಿತು. ನಾಲ್ಕು ನಾಲ್ಕರಂತೆ ಎಣಿಸಿತು, ಹಿಂದೆ ಉಳಿದ ಒಂದು ಕುಂಟು ಮರಿಯನ್ನೂ ಬಿಡಲಿಲ್ಲ. ಕೊನೆಗೆ ತಲೆಯಲ್ಲಿ ಒಂದು ಸಂಖ್ಯೆ ನಿಂತಿತು. ಅದು ಪಶು ಆಸ್ಪತ್ರೆಯ ಲೆಕ್ಕವೂ ಅಲ್ಲ, ನನ್ನ ನಮೂನೆಯ ಲೆಕ್ಕವೂ ಅಲ್ಲ.

ಮಂದೆ ದಾಟಿದ ಮೇಲೆ ಎರಡು ಸಾಲು ಹಳದಿ ಕಲ್ಲು ಉಳಿದವು. ಮರುದಿನವೇ ಕಂಪನಿಯ ಎಂಜಿನಿಯರು ಬಂದು ನೋಡಿ, ಇವನ್ನೆಲ್ಲ ತೆಗೆದು ನೆಲ ಸಮ ಮಾಡಿ ಎಂದು ಕೆಲಸದವರಿಗೆ ಹೇಳಿ ಹೋದನಂತೆ. ಕೆಲಸದವರು ಹಡಗಲಿ ಕಡೆಯವರು. ಹುಲುಗಪ್ಪ ಎಂಬವನು ಅವರ ಮೇಸ್ತ್ರಿ. ಅವನು ಮೊದಲ ಕಲ್ಲಿನ ಹತ್ತಿರ ಹೋಗಿ, ಚಪ್ಪಲಿ ಬಿಟ್ಟು, ಬೆರಳಿಗೆ ತಾಗಿದ ಭಂಡಾರ ಹಣೆಗೆ ಹಚ್ಚಿಕೊಂಡು ವಾಪಸು ಬಂದ. ಆಮೇಲೆ ಟ್ರಾಕ್ಟರು ಕಲ್ಲಿನ ಸಾಲು ಸುತ್ತು ಹಾಕಿಕೊಂಡು ಓಡಾಡಿತು. ಹಾಗೇ ಒಂಬತ್ತು ದಿನ. ಎಂಜಿನಿಯರು ಬೇರೆ ತಾಲ್ಲೂಕಿನ ಆಳು ತರಿಸಿದ. ಅವರು ಕೂಡ್ಲಿಗಿ ಕಡೆಯವರು. ಅವರೂ ಮುಟ್ಟಲಿಲ್ಲ.

ಅಷ್ಟರಲ್ಲಿ ಫೋಟೋಗಳು ಬ್ಯಾಂಕಿಗೆ ಹೋದವು. ಜೊತೆಗಿನ ಕಾಗದ ಬರೆದದ್ದು ಗುರುಬಸವರಾಜ ಸರ್. ‘ಸ್ಥಳೀಯ ಶ್ರದ್ಧೆಯು ಭೂಮಿಯ ಮೇಲೆ ಮೂಡಿಸಿದ ಹಕ್ಕಿನ ಗುರುತುಗಳು’ ಎಂದು ಕಲ್ಲುಗಳ ಬಗ್ಗೆ ಬರೆದಿದ್ದರು. ಓದಲು ಚೆನ್ನಾಗಿತ್ತು. ಅತಿಥಿ ಊರಿಗೆ ಮುಟ್ಟಿದ ಮೇಲೆ ಒಕ್ಕೂಟಕ್ಕೆ ಒಂದು ಪುಟ ಬರೆದರಂತೆ. ಏನೆಂದು ನನಗೆ ಗೊತ್ತಿಲ್ಲ. ಬ್ಯಾಂಕಿನಿಂದ ಕಂಪನಿಗೆ ಬಂದ ಕಾಗದದಲ್ಲಿ ಮಾತ್ರ ಸ್ಥಳಕ್ಕೆ ಹೋಗಿ ಅಳೆಯಿರಿ ಎಂದಿತ್ತು.

ಅಳೆಯುವ ದಿನ ಕಂಪನಿಯ ಕಡೆಯಿಂದ ಪ್ರವೀಣಕುಮಾರ್ ಬಂದರು. ಹಗರಿಬೊಮ್ಮನಹಳ್ಳಿಯವರು, ಜಮೀನಿನ ವ್ಯವಹಾರ ನೋಡಿಕೊಳ್ಳುವ ಆಫೀಸರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಕೆಟ್ಟ ಮನುಷ್ಯನಲ್ಲ. ದೊಡ್ಡಪ್ಪನಿಗೆ ಮೊದಲು ನಮಸ್ಕಾರ ಮಾಡಿದರು. ಸರ್, ಅರ್ಚನಾ ಮೇಡಂ, ಕ್ಲಾಸಿನ ಇಪ್ಪತ್ತು ಮೂವತ್ತು ಜನ, ನಮ್ಮ ಹಟ್ಟಿಯವರು, ಎಲ್ಲ ಸೇರಿದ್ದೆವು. ಟೇಪು ಹಿಡಿದು ಹತ್ತು ಕಡೆ ಅಳೆದರು. ಕೆಲವು ಕಡೆ ಎಪ್ಪತ್ತು ಅಡಿ ಬಂತು. ಎಲ್ಲಕ್ಕಿಂತ ಕಿರಿದಾದ ಕಡೆ ಐವತ್ತೆರಡು. ಪ್ರವೀಣಕುಮಾರ್ ಫೋನು ಹಿಡಿದು ದೂರ ಹೋಗಿ ಅರ್ಧ ಗಂಟೆ ಮಾತಾಡಿ ಬಂದರು. ನಲವತ್ತೈದು ಎಂದರು. ದೊಡ್ಡಪ್ಪ ನನ್ನ ಕಡೆ ನೋಡಿದ. ನಾನು ಅವ್ವನ ಕಡೆ ನೋಡಿದೆ. ಅವಳು ಮಂದೆಯ ಹತ್ತಿರ ನಿಂತಿದ್ದಳು, ಅಲ್ಲಿಂದಲೇ ತಲೆ ಆಡಿಸಿದಳು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಎರಡೂ ಕಡೆಯವರು ಸಹಿ ಹಾಕಿದರು. ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ. ಮಳೆಗಾಲಕ್ಕೆ ಮೊದಲು ಬೇಲಿ ಸರಿಸುವುದು ಎಂದಾಯಿತು.

ನಾನು ಕಂಬಳಿ ಜಾಡಿಸಿಕೊಂಡೆ. ಕುರಿ ಬಿಸಿಲಿಗೆ ತಲೆ ತಗ್ಗಿಸಿ ನಿಂತಿದ್ದವು.

“ಒಂದು ಕಾಲಂ ಖಾಲಿ ಐತ್ರಿ,” ಎಂದರು ಪ್ರವೀಣಕುಮಾರ್, ಕಾಗದ ಮಡಚುವ ಮೊದಲು. ಕುರಿಗಳ ಸಂಖ್ಯೆ. ಅವರ ನಮೂನೆಯಲ್ಲೂ ಇತ್ತು. ಅಗಲ ಹೆಂಗೂ ಗೊತ್ತಾಯಿತು, ಅದನ್ನು ತುಂಬದಿದ್ದರೂ ನಡೆಯುತ್ತದೆ ಎಂದು ಅವರೇ ಹೇಳಿದರು. ಅರ್ಚನಾ ಮೇಡಂ ಕೂಡಲೇ ಕೈ ಮುಂದೆ ಮಾಡಿ, ಹಾಗೇ ಇರಲಿ ಕೊಡಿ ಎಂದರು.

ಗುರುಬಸವರಾಜ ಸರ್ ಅವರಿಗೆ ಹಾಗೇ ಇರಲಿ ಅನ್ನಿಸಲಿಲ್ಲ. ಕೇಂದ್ರದ ಮುದ್ರೆ ಬಿದ್ದ ವರದಿಯಲ್ಲಿ ಒಂದು ತಪ್ಪು ಸಂಖ್ಯೆ ಉಳಿದಿತ್ತು. ಅದು ಅವರನ್ನು ಆ ಭಾನುವಾರದಿಂದ ಕೊರೆಯುತ್ತಿತ್ತು ಎಂದು ಕಾಣುತ್ತದೆ. ಅಳತೆ ಗೆದ್ದ ಖುಷಿಯಲ್ಲೂ ಇದ್ದರು. ನನ್ನ ಹೆಗಲ ಮೇಲೆ ಕೈಹಾಕಿ, ಜನ ನಿಂತ ಕಡೆ ತಿರುಗಿಸಿದರು.

“ಈಗಾದ್ರೂ ಹೇಳೋ ಮೈಲಾರೇಶ. ಅವತ್ತು ಅಷ್ಟೂ ನಿನ್ನ ಮುಂದೇನೇ ದಾಟಿ ಹೋದ್ವು, ನೀನು ಎಣಿಸಿರ್ತೀಯ, ನಂಗೊತ್ತೈತೆ. ಎಲ್ಲರ ಮುಂದೆ ನಿನಗೊಂದು ಮಾತು ಅಂದಿದ್ದೆ. ಎಲ್ಲರ ಮುಂದೇನೇ ವಾಪಸ್ ತಗೋತೀನಿ. ಇವನಿಗೆ ಎಣಿಸಾಕೆ ಬರ್ತೈತೆ ಅಂತ ನನ್ನ ಕೈಯಾರೆ ಬರೆದು ಕಳಿಸ್ತೀನಿ. ಒಂದು ಸಂಖ್ಯೆ ಹೇಳು, ಸಾಕು.”

ತಮಾಷೆಗೆ ಹೇಳಿದ್ದಲ್ಲ. ಹೇಳಿದ್ದರೆ ಖಂಡಿತ ವಾಪಸು ತೆಗೆದುಕೊಳ್ಳುತ್ತಿದ್ದರು. ಆ ಮನುಷ್ಯ ಮಾತಿಗೆ ತಪ್ಪಿದ್ದು ನಾನು ನೋಡಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಪ್ರವೀಣಕುಮಾರ್ ಪೆನ್ನಿನ ಮುಚ್ಚಳ ತೆಗೆದಿದ್ದರು. ದೊಡ್ಡಪ್ಪ ಹೆಬ್ಬೆಟ್ಟಿನ ಮಸಿಯನ್ನು ಧೋತರದ ಅಂಚಿಗೆ ಒರೆಸುತ್ತ ಕೂತಿದ್ದ, ತಲೆ ಎತ್ತಲಿಲ್ಲ. ಅವ್ವ ಆ ಕುಂಟು ಮರಿಯನ್ನು ಎತ್ತಿಕೊಂಡು ನಿಂತಿದ್ದಳು. ಸಂಖ್ಯೆ ನನ್ನ ನಾಲಿಗೆಯ ಮೇಲಿತ್ತು, ಕೊನೆಯ ಅಂಕಿಯ ಸಮೇತ.

ಹೆಗಲ ಮೇಲಿನ ಕೈ ತೆಗೆದು ಪಕ್ಕಕ್ಕೆ ಇಟ್ಟೆ. ಕಂಬಳಿ ಹಾಕಿಕೊಂಡು, ಕೋಲು ತೆಗೆದುಕೊಂಡು, ಹಳದಿ ಕಲ್ಲುಗಳ ನಡುವೆ ಮಂದೆಯ ಕಡೆ ನಡೆದೆ. ಸರ್ ಇನ್ನೊಮ್ಮೆ ಕೇಳಿದರು. ಕುರಿ ತಲೆ ಎತ್ತಿದವು. ನಾನು ನಡೆದೆ.